ಹೂಂ ಅಂದವಳು

ಕಾಳು ಮುಗಿಯುತ್ತ ಬಂದಾಗ ಗಿರಣಿಯ ಸದ್ದು ತೆಳ್ಳಗಾಗುತ್ತದೆ. ಅದು ಅವಳಿಗೆ ಕಿವಿಗಿಂತ ಮೊದಲು ಅಂಗಾಲಿಗೆ ಗೊತ್ತಾಗುತ್ತಿತ್ತು. ಇವತ್ತು ಗೊತ್ತಾಗಲಿಲ್ಲ. ಕಲ್ಲಿಗೆ ಕಲ್ಲು ಉಜ್ಜಿ ಸುಟ್ಟ ವಾಸನೆ ಎದ್ದ ಮೇಲೆ, ಗಂಡ ಒಳಗಿನಿಂದ ಓಡಿಬಂದು ಯಂತ್ರ ನಿಲ್ಲಿಸಿದ ಮೇಲೆ, ತಾನು ಖಾಲಿ ಡಬ್ಬಿ ಹಿಡಿದುಕೊಂಡು ಗೋಡೆ ನೋಡುತ್ತ ನಿಂತಿರುವುದು ಅವಳ ಗಮನಕ್ಕೆ ಬಂತು. "ಏನೇ, ಇವತ್ತು ಕಲ್ಲನ್ನೇ ಬೀಸಿ ಕೊಡೋಣ ಅಂತಿದ್ದೀಯಾ?" ಅಂದ ಗಂಡ. ಬೈದದ್ದಲ್ಲ. ಅವನಿಗೆ ಬೈಯಲು ಬರುವುದೇ ಇಲ್ಲ. ಸಿಟ್ಟು ಬಂದರೆ ತಮಾಷೆ ಮಾಡುತ್ತಾನೆ, ಸಿಟ್ಟು ಬರದಿದ್ದರೂ ತಮಾಷೆ ಮಾಡುತ್ತಾನೆ, ಯಾವುದು ಯಾವುದೆಂದು ಹೆಂಡತಿಯೇ ತಿಳಿದುಕೊಳ್ಳಬೇಕು. ಅವಳು ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಂಡು, "ಹೂಂ," ಅಂದಳು. ಅಂದ ಕೂಡಲೇ ತುಟಿ ಕಚ್ಚಿಕೊಂಡಳು. ಬೆಳಗಿನಿಂದ ಇದು ಎಷ್ಟನೆಯದೋ. ಹಾಲಿನವನಿಗೆ ಹೂಂ, ಅತ್ತೆಗೆ ಹೂಂ, ಪಕ್ಕದ ಮನೆಯ ಮುದುಕಿ ಮೊಣಕಾಲು ನೋವಿನ ವಿಚಾರ ಹೇಳಿದ್ದಕ್ಕೆ ಹೂಂ ಹೂಂ. ಈ ಹಾಳು ಬಾಯಿಗೆ ಒಂದು ಮುಚ್ಚಳ ಹಾಕಿಸಿಕೊಳ್ಳಬೇಕು ಅನ್ನಿಸಿತು. ಮಧ್ಯಾಹ್ನ ಪುರಸಭೆಯ ಸಭೆ. ಹೋದ ಸಭೆಯಲ್ಲಿ ಅವಳು ಹೂಂ ಅಂದಿದ್ದರಿಂದ ಮಾರುಕಟ್ಟೆಯ ಹಿಂದಿನ ಹೆಂಗಸರ ಕಕ್ಕಸು ಅರ್ಧ ಬಿದ್ದಹಾಗಾಗಿತ್ತು. ಇವತ್ತೂ ಅಂದರೆ ಪೂರ್ತಿ ಬೀಳುತ್ತದೆ. ಅದನ್ನು ರಿಪೇರಿ ಮಾಡಿಸುತ್ತೇನೆ ಎಂದು ಹೇಳಿ ಗೆದ್ದವಳು ಅವಳೇ.

ಹೂಂಗುಟ್ಟುವುದರಲ್ಲಿ ಅವಳದು ಚಿಕ್ಕಂದಿನಿಂದ ಎತ್ತಿದ ಕೈ. ಅಪ್ಪ ಕತೆ ಹೇಳುವಾಗ ಹೂಂ ಅನ್ನದಿದ್ದರೆ ಕತೆ ಮುಂದಕ್ಕೆ ಹೋಗುತ್ತಿರಲಿಲ್ಲ. ರಾಜಕುಮಾರ ಬಾವಿಯೊಳಗೆ ಇಳಿದವನು ಅಲ್ಲೇ ನೇತಾಡುತ್ತಿದ್ದ. ಅಣ್ಣಂದಿರು ನಿದ್ದೆಹೋಗುತ್ತಿದ್ದರು, ಅವಳೊಬ್ಬಳು ಕತ್ತಲೆಯಲ್ಲಿ ಹೂಂ, ಹೂಂ ಎಂದು ರಾಜಕುಮಾರನನ್ನು ಒಂದೊಂದು ಮೆಟ್ಟಿಲಾಗಿ ಮೇಲಕ್ಕೆ ಹತ್ತಿಸುತ್ತಿದ್ದಳು. ಕೊನೆಕೊನೆಗೆ ನಿದ್ದೆಯಲ್ಲೂ ಅನ್ನುತ್ತಿದ್ದಳಂತೆ. ಅಪ್ಪ ಅದನ್ನು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದ, ಮಗಳು ನಿದ್ದೆಯಲ್ಲೂ ಅಪ್ಪನ ಮಾತು ಕೇಳುತ್ತಾಳೆ ನೋಡಿ ಎಂದು. ಕೇಳುತ್ತಿರಲಿಲ್ಲ. ಅನ್ನುತ್ತಿದ್ದಳು, ಅಷ್ಟೇ. ಮುಂದೆ ಒಂದು ದಿನ ಸೋದರತ್ತೆ ಅಡಿಗೆಮನೆಯ ಬಾಗಿಲ ಮರೆಯಲ್ಲಿ, "ಹುಡುಗ ಗಿರಣಿ ಇಟ್ಟಿದ್ದಾನೆ, ಮಾತು ಜಾಸ್ತಿ, ಕೆಟ್ಟವನಲ್ಲ," ಎಂದಳು. ಇವಳು ಹೂಂ ಅಂದಳು, ಕೇಳಿಸಿಕೊಂಡೆ ಎಂಬಂತೆ. ಸೋದರತ್ತೆ ಹಜಾರಕ್ಕೆ ಹೋಗಿ ಹುಡುಗಿ ಒಪ್ಪಿದಳು ಎಂದುಬಿಟ್ಟಳು. ಅದೃಷ್ಟ ಚೆನ್ನಾಗಿತ್ತು. ಹುಡುಗ ನಿಜಕ್ಕೂ ಕೆಟ್ಟವನಾಗಿರಲಿಲ್ಲ, ಮಾತಂತೂ ಹೇಳಿದ್ದಕ್ಕಿಂತ ಜಾಸ್ತಿಯೇ ಇತ್ತು. ಗಿರಣಿಯ ಗದ್ದಲದಲ್ಲೂ ಅವನು ಮಾತಾಡುತ್ತಿದ್ದ. ತುಟಿ ಅಲ್ಲಾಡುವುದು ಮಾತ್ರ ಕಾಣುತ್ತಿತ್ತು. ಅವಳು ತಲೆಯಾಡಿಸಿ ಹೂಂ ಅನ್ನುತ್ತಿದ್ದಳು, ಆ ಹೂಂ ಅವನಿಗೂ ಕೇಳಿಸುತ್ತಿರಲಿಲ್ಲ. ಹಾಗೆ ಒಬ್ಬರಿಗೊಬ್ಬರು ಕೇಳಿಸದೆ ಚೆನ್ನಾಗಿಯೇ ಬಾಳಿದ್ದರು. ಸಂಸಾರದಲ್ಲಿ ಸುಖವಾಗಿದ್ದೇನೆ ಎಂದು ಅವಳು ಯಾರ ಮುಂದೆ ಬೇಕಾದರೂ ಹೇಳಬಲ್ಲಳು. ಆದರೆ ಸಭೆ ಸಂಸಾರವಲ್ಲವಲ್ಲ, ಅಲ್ಲಿ ಅಂದದ್ದಕ್ಕೆಲ್ಲ ಬೆಲೆ ಉಂಟಲ್ಲ ಎಂದು ಈಗ ಕಲ್ಲಿನ ಮೇಲೆ ಕೈಯಿಟ್ಟು ಬಿಸಿ ಆರಿದೆಯೇ ಎಂದು ನೋಡುತ್ತ ಯೋಚಿಸಿದಳು.

ಹೋದ ಸಭೆಯಲ್ಲಿ ಆದದ್ದು ಇಷ್ಟು. ಪುರಸಭೆಯ ಅಧ್ಯಕ್ಷನನ್ನು ಊರೆಲ್ಲ ದೊಡ್ಡಣ್ಣ ಎನ್ನುತ್ತದೆ. ಒಳ್ಳೆಯ ಕಂಠ. ಓದುವಾಗ ಅಲ್ಲಲ್ಲಿ ನಿಲ್ಲಿಸಿ, ಕನ್ನಡಕದ ಮೇಲಿಂದ ಒಬ್ಬೊಬ್ಬರನ್ನು ನೋಡಿ ಮುಂದಕ್ಕೆ ಹೋಗುತ್ತಾನೆ. ಗಂಡಸರು ಯಾರೂ ಅವನ ಕಡೆ ನೋಡುತ್ತಿರಲಿಲ್ಲ. ಒಬ್ಬ ಉಗುರು ನೋಡಿಕೊಳ್ಳುತ್ತಿದ್ದ, ಒಬ್ಬ ಕಿಟಕಿಯಾಚೆ ತನ್ನ ಸೈಕಲ್ಲು ಇದೆಯೇ ಎಂದು ನೋಡುತ್ತಿದ್ದ. ಈ ಊರಿನಲ್ಲಿ ಆರಿಸಿಬಂದ ಮೊದಲನೆಯ ಹೆಂಗಸು ತಾನು, ಹೇಗಿರಬೇಕೆಂದು ಯಾರೂ ಹೇಳಿಕೊಟ್ಟಿಲ್ಲ, ಪಾಪ ಅಷ್ಟು ಚೆನ್ನಾಗಿ ಓದುತ್ತಿರುವವನಿಗೆ ಯಾರಾದರೂ ಒಬ್ಬರು ಹೂಂ ಅನ್ನಬೇಡವೇ ಎಂದು ಅವಳಿಗೆ ಅನ್ನಿಸಿತ್ತು. ಅಂದಳು. ಅವನ ಮುಖ ಅರಳಿತು. ಆಮೇಲೆ ಅವನು ಇಡೀ ಸಭೆಯನ್ನು ಬಿಟ್ಟು ಅವಳಿಗೇ ಓದಿದ. ದೀಪದ ಕಂಬ, ಹೂಂ. ಚರಂಡಿ, ಹೂಂ. ಮಾರುಕಟ್ಟೆಯ ಹಿಂಬದಿಯ ದಾರಿ ಕಿರಿದಾಗಿದೆ, ಹೂಂ. ಸರಕಿನ ಗಾಡಿಗಳು ಗೋದಾಮಿಗೆ ಹೋಗಲು ತೊಂದರೆ, ಹೂಂ. ಆದ್ದರಿಂದ ಅಲ್ಲಿರುವ ಹಳೆಯ ಕಟ್ಟಡವನ್ನು ತೆಗೆದು ದಾರಿ ಅಗಲ ಮಾಡತಕ್ಕದ್ದು. ಹಳೆಯ ಕಟ್ಟಡ ಎಂದೇ ಓದಿದ್ದ. ಹೆಂಗಸು ಕೂತಿರುವ ಸಭೆಯಲ್ಲಿ ಆ ಶಬ್ದ ಹೇಳುವುದು ಹೇಗೆ ಎಂದು ಅವನಿಗೆ ಸಂಕೋಚ, ದೊಡ್ಡಣ್ಣ ಮರ್ಯಾದಸ್ಥ. ಅವಳಿಗೆ ಯಾವ ಕಟ್ಟಡ ಎಂಬುದು ಒಂದು ಗಳಿಗೆ ತಡವಾಗಿ ಹೊಳೆಯಿತು. ಆ ತಡವಾದ ಗಳಿಗೆಯ ಹೂಂಗೆ ಅವಳು ತನ್ನನ್ನು ಕ್ಷಮಿಸಬಲ್ಲಳು. ಆದರೆ ಹೊಳೆದ ಮೇಲೂ ಇನ್ನೆರಡು ಹೂಂ ಬಿದ್ದಿದ್ದವು. ಅಷ್ಟು ಹೊತ್ತು ಅಂದುಕೊಂಡು ಬಂದು ಈಗ ಒಮ್ಮೆಲೇ ಸುಮ್ಮನಾದರೆ ಅವನಿಗೆ ಏನನ್ನಿಸೀತು ಎಂಬ ದಾಕ್ಷಿಣ್ಯಕ್ಕೆ ಬಿದ್ದವು. "ಎಲ್ಲಾರೂ ಒಪ್ಪಿದ ಹಾಗಾಯ್ತು. ನಮ್ಮ ತಂಗಿನೂ ಹೂಂ ಅಂದ್ಲು," ಎಂದು ದೊಡ್ಡಣ್ಣ ಕನ್ನಡಕ ಮಡಿಚಿದ್ದ. ಸಾರ್ವಜನಿಕರ ಕಟ್ಟಡ ಒಡೆಯಬೇಕಾದರೆ ಎರಡು ಸಭೆಗಳಲ್ಲಿ ಎಲ್ಲ ಸದಸ್ಯರೂ ಒಪ್ಪಬೇಕು. ಒಬ್ಬರು ಬೇಡ ಅಂದರೂ ಊರವರನ್ನೆಲ್ಲ ಕರೆದು ಕೇಳಬೇಕಾಗುತ್ತದೆ. ಗೋದಾಮು ದೊಡ್ಡಣ್ಣನ ಹೆಂಡತಿಯ ತಮ್ಮನದು. ಊರವರನ್ನು ಕರೆದು ಕೇಳುವುದು ಯಾರಿಗೂ ಬೇಕಿರಲಿಲ್ಲ.

"ಮುಗೀತಾ ನಂದು?" ಎಂದು ಮೊಟ್ಟೆಯಕ್ಕ ಬಾಗಿಲಲ್ಲಿ ನಿಂತಿದ್ದಳು. ಮಾರುಕಟ್ಟೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಮೊಟ್ಟೆ ಮಾರುವವಳು. ಚುನಾವಣೆಯಲ್ಲಿ ಇವಳ ಪರವಾಗಿ ಮನೆಮನೆ ತಿರುಗಿ ಚಪ್ಪಲಿ ಸವೆಸಿದವಳು. ಗಿರಣಿಗೆ ಬಂದರೆ ಮೂಟೆಯ ಮೇಲೆ ಕೂತು ಊರಿನ ಉಸಾಬರಿಯನ್ನೆಲ್ಲ ಬಿಚ್ಚುವವಳು ಹೋದ ಸಭೆಯಾದಂದಿನಿಂದ ನಿಂತೇ ಇರುತ್ತಾಳೆ, ಡಬ್ಬಿ ತೆಗೆದುಕೊಂಡು ಹೋಗುತ್ತಾಳೆ. ಹಿಟ್ಟು ಇನ್ನೂ ಬೆಚ್ಚಗಿತ್ತು. ಇವಳು ಒಂದು ಚಿಟಿಕೆ ತೆಗೆದು ಹೆಬ್ಬೆರಳಿನಿಂದ ಉಜ್ಜಿ ನೋಡಿದಳು, ಕೊನೆಯ ಹಿಡಿ ಸ್ವಲ್ಪ ಕರಕಾಗಿತ್ತು. ಅಷ್ಟನ್ನು ತೆಗೆದುಹಾಕಿ ತಮ್ಮ ಮನೆಯ ಡಬ್ಬಿಯಿಂದ ತುಂಬಿಕೊಟ್ಟಳು. ಇದು ತಪ್ಪುಕಾಣಿಕೆ ಕೊಟ್ಟಹಾಗೆ ಕಾಣುತ್ತದೇನೋ ಎಂದು ಕೊಡುವಾಗಲೇ ಅಳುಕಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿನೋಡಿಕೊಳ್ಳುವ ಜಾತಿ ತಾನು. ಯಾರೂ ಏನೂ ಅನ್ನದಿದ್ದರೂ ಮುಟ್ಟಿನೋಡಿಕೊಳ್ಳುವವಳು. ಮೊಟ್ಟೆಯಕ್ಕ ಮುಚ್ಚಳ ಒತ್ತಿ ಹಾಕಿ, ಎಲ್ಲೋ ನೋಡುತ್ತ, "ನೀನೂ ಹೂಂ ಅಂದ್ಯಂತೆ," ಅಂದಳು. ಅದಕ್ಕೆ ಇವಳ ಬಾಯಿಂದ ಬಂದದ್ದು, "ಹೂಂ." ಮೊಟ್ಟೆಯಕ್ಕ ಡಬ್ಬಿಯನ್ನು ಸೊಂಟಕ್ಕೆ ಏರಿಸಿಕೊಂಡು, "ಇನ್ಮೇಲೆ ಬೆಳಗ್ಗೆಯಿಂದ ನೀರೇ ಕುಡೀದೆ ಇರೋದು ಅಷ್ಟೆ. ಅಭ್ಯಾಸ ಇದೆ ಬಿಡು ನಮಗೆ," ಎಂದು ಹೋದಳು. ಇವಳಿಗೆ ಹಿಂದಿನಿಂದ ಕೂಗಿ ಏನಾದರೂ ಹೇಳಬೇಕೆನ್ನಿಸಿತು. ಏನು ಹೇಳುವುದು? ಒಪ್ಪಿಗೆಯ ಹೂಂ ಬೇರೆ, ಕೇಳಿಸಿಕೊಂಡ ಹೂಂ ಬೇರೆ, ನಾನು ಅಂದದ್ದು ಎರಡನೆಯದು ಎಂದು ಬೀದಿಯಲ್ಲಿ ನಿಂತು ಹೇಳಿದರೆ ನಾಯಿಯೂ ನಗುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಅವಳು ಮಾತನ್ನು ಕೂಡ ಆಡಿರಲಿಲ್ಲ, ಮೂಗಿನಿಂದ ಸಣ್ಣದೊಂದು ಸದ್ದು ಬಿಟ್ಟಿದ್ದಳು, ಅಷ್ಟಕ್ಕೇ ಇಷ್ಟು.

ಗಂಡ ಮುಂದಿನ ಗೋಧಿಯನ್ನು ಸುರಿದು ಯಂತ್ರ ಚಾಲೂ ಮಾಡಿದ. ಯಂತ್ರದ ಬಾಯಿಗೆ ಕಟ್ಟಿದ ಬಟ್ಟೆಯ ತೋಳಿನಿಂದ ಹಿಟ್ಟು ಇಳಿಯತೊಡಗಿತು. ಅವಳಿಗೆ ಈ ಹೊತ್ತು ಇಷ್ಟ. ಇಡೀ ಕೋಣೆ ಬಿಳಿಯ ಮಬ್ಬಿನಲ್ಲಿ ನಡುಗುತ್ತ, ಬಾಗಿಲ ಬೆಳಕಿನಲ್ಲಿ ನಿಂತ ಹೆಂಗಸರ ತುಟಿಗಳು ಸದ್ದಿಲ್ಲದೆ ಆಡುತ್ತ, ಯಾರಿಗೂ ಯಾವುದಕ್ಕೂ ಉತ್ತರ ಕೊಡಬೇಕಿಲ್ಲದ ಹೊತ್ತು. ಇಂಥದೇ ಹೊತ್ತಿನಲ್ಲಿ, ಕಳೆದ ವರ್ಷ, ಕರೆಂಟು ಹೋಗಿ ಗಿರಣಿ ನಿಂತಿತ್ತು. ನಿಂತ ಕೂಡಲೇ ಹೆಂಗಸರೆಲ್ಲರ ಮಾತು ಒಟ್ಟಿಗೆ ಕೇಳಿಸಿತ್ತು: ಈ ವಾರ್ಡು ಹೆಂಗಸರಿಗೆ ಬಂದಿದೆಯಂತೆ, ಯಾರ ಹೆಂಡತಿಯನ್ನು ನಿಲ್ಲಿಸುತ್ತಾರೋ, ಯಾವ ಮನೆಯ ಗೊಂಬೆಯೋ. ಅವಳು ಜರಡಿ ಹಿಡಿದುಕೊಂಡೇ, "ನಾನು ನಿಲ್ತೀನಿ," ಅಂದಿದ್ದಳು. ಯಾರೂ ಕೇಳಿರಲಿಲ್ಲ, ಯಾರೂ ಒತ್ತಾಯ ಮಾಡಿರಲಿಲ್ಲ. ಆ ದನಿ ತನ್ನದೇ ಎಂದು ಗೊತ್ತಾಗಲು ಅವಳಿಗೇ ಸ್ವಲ್ಪ ಹೊತ್ತು ಬೇಕಾಯಿತು. ಗಂಡ ಆ ದಿನವೆಲ್ಲ ಮಾತಾಡಲಿಲ್ಲ. ಮಾರನೆಯ ದಿನದಿಂದ ಊರಲ್ಲೆಲ್ಲ, "ನಾನೇ ನಿಲ್ಲಿಸ್ತಾ ಇದ್ದೀನಿ," ಎಂದು ಹೇಳಿಕೊಂಡು ತಿರುಗಿದ. ಅವಳು ತಿದ್ದಲಿಲ್ಲ. ಅವನಿಗೆ ಅಷ್ಟಾದರೂ ಇರಲಿ ಎಂದು ಪ್ರೀತಿಯಿಂದಲೇ ಬಿಟ್ಟಳು. ಹಾಗೆ ಹೇಳದಿದ್ದರೆ ಗಂಡಸರು ಓಟು ಹಾಕುತ್ತಿರಲಿಲ್ಲ ಎಂಬುದೂ ಇತ್ತು. ಪ್ರಚಾರದಲ್ಲಿ ಅವಳೂ ಕಕ್ಕಸು ಎಂಬ ಶಬ್ದ ಹೇಳಿರಲಿಲ್ಲ. ಮಾರುಕಟ್ಟೆಯಲ್ಲಿ ಹೆಂಗಸರಿಗೆ ಅನುಕೂಲ ಮಾಡಿಸಿಕೊಡುತ್ತೇನೆ ಎನ್ನುತ್ತಿದ್ದಳು, ಹೆಂಗಸರು ತಲೆತಗ್ಗಿಸಿ ನಗುತ್ತಿದ್ದರು, ಎಲ್ಲರಿಗೂ ಅರ್ಥವಾಗುತ್ತಿತ್ತು. ಹೆಂಗಸರೂ ತಮ್ಮತಮ್ಮಲ್ಲಿ ಹೇಳುವುದು "ಆ ಕಡೆ ಹೋಗಿಬರ್ತೀನಿ" ಎಂದೇ. ಅವಳು ಅನುಕೂಲ ಎಂದು ಓಟು ಕೇಳಿದಳು, ದೊಡ್ಡಣ್ಣ ಹಳೆಯ ಕಟ್ಟಡ ಎಂದು ಓದಿದ. ಇಬ್ಬರ ಮರ್ಯಾದೆಯ ನಡುವೆ ನಾಲ್ಕು ಗೋಡೆ ಬೀಳುವುದರಲ್ಲಿತ್ತು.

ಊಟಕ್ಕೆ ಕೂತಾಗ ಗಂಡ ಸಮಾಧಾನ ಹೇಳಿದ. ಅವನ ಸಮಾಧಾನಕ್ಕೆ ತಲೆಬುಡ ಇರುವುದಿಲ್ಲ, ಆದರೆ ಮುಖ ನೋಡಿದರೆ ಸಮಾಧಾನವಾಗುತ್ತದೆ. "ನೋಡು, ಅಂದಿದ್ದು ಅಂದಾಯ್ತು. ಇವತ್ತು ಮೈ ಹುಷಾರಿಲ್ಲ ಅಂತ ಹೇಳ್ಕಳಿಸು. ನೀನು ಅಲ್ಲಿಲ್ದೆ ಇದ್ರೆ ಹೂಂ ಅಂತ ಹೇಗೆ ಅಂತೀಯ?" ಎಂದ. "ಇಲ್ದೆ ಇದ್ರೂ ಒಪ್ಪಿದ ಹಾಗೇ ಲೆಕ್ಕ," ಎಂದಳು. "ಹಾಗಾದ್ರೆ ನಾನೂ ಬರ್ಲಾ ಜೊತೇಲಿ?" ಅದು ಕಳಕಳಿಯೇ. ಮೊದಲ ಸಭೆಗೆ ಅವನು ಬಂದಿದ್ದ, ಬಂದವನು ಅವಳ ಪಕ್ಕದ ಕುರ್ಚಿಯಲ್ಲೇ ಕೂತಿದ್ದ, ಎಲ್ಲರೂ ಅವನಿಗೇ ನಮಸ್ಕಾರ ಮಾಡಿ ಅವನಿಗೇ ಚಹಾ ಕೊಟ್ಟಿದ್ದರು. ಅವನು ಚಹಾವನ್ನು ಅವಳ ಕಡೆ ಸರಿಸಿದ್ದ. ಅವಳಿಗೆ ಅಳು ಬಂದಿತ್ತು, ಅವಮಾನಕ್ಕೋ ಚಹಾಕ್ಕೋ ಹೇಳಲಾಗದು. "ಬೇಡ. ಗಿರಣಿ ನೋಡ್ಕೋ," ಎಂದಳು. ಅತ್ತೆ ಇಷ್ಟು ಹೊತ್ತೂ ಅನ್ನವನ್ನು ನುಣ್ಣಗೆ ಕಲಸುತ್ತ ಕೂತಿದ್ದವರು, ಹಲ್ಲಿಲ್ಲದ ಬಾಯಲ್ಲಿ ಒಂದು ತುತ್ತು ತಿರುಗಿಸಿ ನುಂಗಿ, "ಏನಂತೆ ಇವಳದ್ದು?" ಎಂದು ಮಗನನ್ನು ಕೇಳಿದರು. ಮಗ ವಿವರಿಸಿದ. ಸೊಸೆ ಸಭೆಗೆ ಹೋಗುವುದು ಅತ್ತೆಗೆ ಎಂದೂ ಹಿಡಿಸಿರಲಿಲ್ಲ. ಗಂಡಸರ ನಡುವೆ ಕಾಲುಮೇಲೆ ಕಾಲು ಹಾಕಿಕೊಂಡು ಕೂರುವುದು ಯಾವ ಸೀಮೆಯ ಗೃಹಿಣಿಯ ಲಕ್ಷಣ ಎಂದು ಗೋಡೆಗೆ ಕೇಳಿಸುವಂತೆ ಅನ್ನುತ್ತಿದ್ದರು. ಈಗ ಅವರು ತಟ್ಟೆಯ ಅಂಚು ಒರೆಸುತ್ತ, "ನಿಮ್ಮ ಮಾವನಿಗೆ ನಾನು ಜೀವಮಾನಪೂರ್ತಿ ಹೂಂ ಅಂದೆ. ಒಂದು ಸಲನೂ ಒಪ್ಪಿರ್ಲಿಲ್ಲ," ಅಂದರು. ಗಂಡ ಕೈಯಲ್ಲಿದ್ದ ತುತ್ತು ಹಾಗೇ ಹಿಡಿದುಕೊಂಡ. "ಅಪ್ಪನಿಗೆ ಗೊತ್ತಿತ್ತೇನಮ್ಮಾ?" "ಅವರು ಯಾಕೆ ಕೇಳ್ತಾರೆ. ಹೂಂ ಅಂದ ಮೇಲೆ ಮುಗೀತಲ್ಲ," ಎಂದು ಅತ್ತೆ ಮಜ್ಜಿಗೆಗೆ ಕೈ ಚಾಚಿದರು. ಅವಳು ಮಜ್ಜಿಗೆ ಬಡಿಸಿದಳು. ಮುದುಕಿ ತನಗೆ ಧೈರ್ಯ ಹೇಳಿದರೋ ಚುಚ್ಚಿದರೋ ಎಂದು ಗೊತ್ತಾಗಲಿಲ್ಲ; ಅತ್ತೆಯ ಮಾತು ಯಾವತ್ತೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಆದರೂ ಅವಳಿಗೆ ಹಸಿವಾಯಿತು. ಇನ್ನೊಂದು ಸಲ ಅನ್ನ ಹಾಕಿಕೊಂಡಳು.

ಪುರಸಭೆಗೆ ಹೋಗುವ ದಾರಿಯಲ್ಲಿ ಬಿಸಿಲು ಹದವಾಗಿತ್ತು. ಕೊಡೆ ರಿಪೇರಿಯವನು, ಬೀಗದವನು, ಫೋಟೋಕ್ಕೆ ಕಟ್ಟು ಹಾಕುವವನು, ಒಬ್ಬೊಬ್ಬರೂ ಅವಳು ಹಾದುಹೋಗುವಾಗ ತಲೆ ಎತ್ತಿದರು. ಮೊದಮೊದಲು ಈ ನೋಟಕ್ಕೆ ಕಾಲು ತೊಡರುತ್ತಿತ್ತು. ಸೆರಗಿನಲ್ಲಿ ಹಿಟ್ಟು ಉಳಿದಿದೆಯೇನೋ, ನಡೆಯುವುದು ಹೆಚ್ಚು ಬೀಸಾಯಿತೇನೋ ಎಂದು. ಈಗ ಅಭ್ಯಾಸವಾಗಿದೆ, ನಿಜ ಹೇಳಬೇಕೆಂದರೆ ಸ್ವಲ್ಪ ಖುಷಿಯೂ ಆಗುತ್ತದೆ, ಯಾರಿಗೂ ಹೇಳುವಂಥ ಖುಷಿಯಲ್ಲ. ಚೀಲವಿಲ್ಲದೆ, ಡಬ್ಬಿಯಿಲ್ಲದೆ, ಯಾರ ಮನೆಗೂ ಏನನ್ನೂ ಒಯ್ಯದೆ ಬರಿಗೈಯಲ್ಲಿ ನಡುಮಧ್ಯಾಹ್ನ ಬೀದಿಯಲ್ಲಿ ನಡೆಯುವ ಹೆಂಗಸು ಈ ಊರಿನಲ್ಲಿ ತಾನೊಬ್ಬಳೇ ಎಂಬ ಖುಷಿ. ಕೈ ಬೀಸಿದಳು. ಮಾರುಕಟ್ಟೆ ದಾಟುವಾಗ ಮೊಟ್ಟೆಯಕ್ಕನ ಮೂಲೆಯ ಕಡೆ ನೋಡಲಿಲ್ಲ, ನೋಡಲಿಲ್ಲವೆಂದು ನಾಚಿಕೆಯಾಗಿ ನಾಲ್ಕು ಹೆಜ್ಜೆ ಮುಂದೆ ಹೋಗಿ ತಿರುಗಿ ನೋಡಿದಳು. ಮೊಟ್ಟೆಯಕ್ಕ ಯಾರಿಗೋ ಒಡೆದ ಮೊಟ್ಟೆ ಬದಲಾಯಿಸಿಕೊಡುತ್ತಿದ್ದಳು. ಏನು ಹೇಳಬೇಕೆಂದು ಅವಳು ದಾರಿಯುದ್ದಕ್ಕೂ ಹೊಂದಿಸಿಕೊಂಡಳು: ಮಾನ್ಯ ಅಧ್ಯಕ್ಷರೇ, ಹಿಂದಿನ ಸಭೆಯಲ್ಲಿ ನನ್ನಿಂದ ಹೊರಟ ಉದ್ಗಾರ... ಉದ್ಗಾರ ಎನ್ನುವುದೇ? ಎಷ್ಟು ಹೊಂದಿಸಿದರೂ ಅದು ಬೇರೆಯವರ ಬಟ್ಟೆ ಹಾಕಿಕೊಂಡ ಹಾಗೆ ಎಲ್ಲೋ ಒಂದು ಕಡೆ ಜೋಲುತ್ತಿತ್ತು. ಕಡೆಗೆ, ಏನೂ ಹೇಳುವುದು ಬೇಡ, ಮೊದಲು ಹೂಂ ಅನ್ನುವುದನ್ನು ನಿಲ್ಲಿಸೋಣ ಎಂದುಕೊಂಡಳು.

ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು, ಮೇಜಿಗೆ ಹಸಿರು ಬಟ್ಟೆ, ಬಟ್ಟೆಯ ಮೇಲೆ ಚಹಾದ ಹಳೆಯ ಉಂಗುರಗಳು. ಅವಳ ಕುರ್ಚಿ ತುದಿಯಲ್ಲಿ, ಬಾಗಿಲಿಗೆ ಹತ್ತಿರ, ಪಕ್ಕದ ಎರಡು ಕುರ್ಚಿ ಖಾಲಿ; ಗಂಡಸರು ಅಷ್ಟು ಜಾಗ ಗೌರವಕ್ಕೆಂದು ಬಿಡುತ್ತಾರೆ. "ಬಾ ತಂಗಿ. ಮನೆಯವರು ಆರಾಮಾ?" ಎಂದ ದೊಡ್ಡಣ್ಣ. ಅವನು ಹಾಗೆ ಕೇಳುವುದರಲ್ಲಿ ಕಪಟವಿರಲಿಲ್ಲ, ಅದೇ ಕಷ್ಟ. ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು. ಅವನು ಕನ್ನಡಕ ಬಿಚ್ಚಿ, ಒರೆಸಿ, ಹಾಕಿಕೊಂಡು ಓದತೊಡಗಿದ. ದೀಪದ ಕಂಬದ ವಿಚಾರ ಮುಗಿಸಿ ಅವಳತ್ತ ನೋಡಿದ. ಅವಳು ಎರಡು ತುಟಿಗಳನ್ನೂ ಒಳಕ್ಕೆ ಎಳೆದುಕೊಂಡು ಹಲ್ಲಿನ ನಡುವೆ ಇಟ್ಟುಕೊಂಡಳು. ಅವನು ಕಾದ. ಮತ್ತೊಂದು ಸಾಲು ಓದಿದ, ನೋಡಿದ, ಕಾದ. ಅವಳ ಗಂಟಲಿನಲ್ಲಿ ಹೂಂ ಬಿಕ್ಕಳಿಕೆಯಂತೆ ಮೇಲೆ ಬಂತು, ನುಂಗಿದಳು. ಮೂರನೆಯ ಸಲ ಅವನ ದನಿ ತಪ್ಪಿತು. ಓದಿದ ಸಾಲನ್ನೇ ಮತ್ತೆ ಓದಿದ. ಉಗುರು ನೋಡಿಕೊಳ್ಳುತ್ತಿದ್ದವನು ತಲೆ ಎತ್ತಿದ. ದೊಡ್ಡಣ್ಣ ಹಾಳೆ ಕೆಳಗಿಟ್ಟ. "ಯಾಕೆ ತಂಗಿ, ಕೇಳಿಸ್ತಾ ಇಲ್ವಾ?"

"ಕೇಳಿಸ್ತಾ ಇದೆ."

"ಮತ್ತೆ? ಏನೂ ಅಂತಾನೇ ಇಲ್ಲ?"

"ಮುಂದಿನದು ಓದಿ," ಎಂದಳು. ಅವನು ಓದಿದ: ಮಾರುಕಟ್ಟೆಯ ಹಿಂಬದಿಯ ಹಳೆಯ ಕಟ್ಟಡ, ಹಿಂದಿನ ಸಭೆಯಲ್ಲಿ ಸರ್ವಾನುಮತದಿಂದ ಒಪ್ಪಿದಂತೆ. "ನನಗೆ ಒಪ್ಪಿಗೆ ಇಲ್ಲ," ಎಂದಳು. ದಾರಿಯಲ್ಲಿ ಹೊಂದಿಸಿಕೊಂಡದ್ದರಲ್ಲಿ ಇದೊಂದು ವಾಕ್ಯ ಇರಲೇ ಇಲ್ಲ. ದನಿ ಗಿರಣಿಯಲ್ಲಿ ಮಾತಾಡುವಷ್ಟು ಜೋರಾಗಿ ಬಂತು. ಕಾರಿಡಾರಿನಲ್ಲಿ ನಡೆಯುತ್ತಿದ್ದವರು ನಿಂತರು.

"ಹೋದ ಸಲ ಹೂಂ ಅಂದೆಯಲ್ಲ ತಾಯಿ," ಎಂದ ದೊಡ್ಡಣ್ಣ. ತಂಗಿಯಿಂದ ತಾಯಿಗೆ ಏರಿಸಿದ್ದ, ಸಿಟ್ಟು ಬರತೊಡಗಿತ್ತು.

"ಅಂದೆ. ಕೇಳಿಸ್ಕೊಂಡೆ ಅಂತ ಅಂದೆ."

ನಿವೃತ್ತ ಮೇಷ್ಟ್ರೊಬ್ಬರು ಆ ಸಭೆಯ ಹಿರಿಯ ಸದಸ್ಯರು. ಇಂಥ ಸಂದರ್ಭಕ್ಕಾಗಿಯೇ ಕಾಯುತ್ತಿದ್ದವರಂತೆ ಅವರು ಗಂಟಲು ಸರಿಮಾಡಿಕೊಂಡರು. "ಹೂಂ ಅನ್ನೋದು ಒಪ್ಪಿಗೆ ಸೂಚಿಸೋ ಅವ್ಯಯ. ಊಹೂಂ ಅನ್ನೋದು ನಿರಾಕರಣೆ. ವ್ಯಾಕರಣದಲ್ಲಿ ಮೂರನೇದು ಇಲ್ಲ. ಸುಮ್ಮನಿದ್ದರೂ ಒಪ್ಪಿಗೆ ಅಂತಲೇ ಹಿರಿಯರು ಹೇಳಿದ್ದಾರೆ," ಎಂದರು. ಗಂಡಸರಲ್ಲಿ ನಗೆ ಎದ್ದಿತು. ಅವಳಿಗೆ ಕಿವಿಯವರೆಗೆ ಬಿಸಿಯೇರಿತು, ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದಾಗ ಏರಿದಂತೆ. ಎದ್ದು ಹೋಗಿಬಿಡೋಣ ಅನ್ನಿಸಿತು. ಬಾಗಿಲು ಹತ್ತಿರದಲ್ಲೇ ಇತ್ತು, ಬಹುಶಃ ಅದಕ್ಕೇ ಕುರ್ಚಿಯನ್ನು ಅಲ್ಲಿ ಹಾಕಿದ್ದರು. "ಹಾಗಾದ್ರೆ ಮೇಷ್ಟ್ರೇ, ಹೂಂ ಅಂದ್ರೂ ಒಪ್ಪಿಗೆ, ಸುಮ್ಮನಿದ್ರೂ ಒಪ್ಪಿಗೆ. ಹೆಂಗಸು ಒಪ್ಪದೆ ಇರ್ಬೇಕಾದ್ರೆ ಎಲ್ಲಿಗೆ ಹೋಗ್ಬೇಕು?" ಎಂದಳು. ಮೇಷ್ಟ್ರು ಅವ್ಯಯ ಬಿಟ್ಟು ಮುಂದಿದ್ದ ಹಾಳೆ ತಿರುವಿದರು. ಅವಳು ದೊಡ್ಡಣ್ಣನ ಕಡೆ ತಿರುಗಿದಳು. ಸಿಟ್ಟಿನಿಂದಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು. "ಮನೇಲಿ ಅತ್ತಿಗೆ ನೀವು ಹೇಳಿದ್ದಕ್ಕೆಲ್ಲ ಹೂಂ ಅಂತಾರಾ?"

"ಅಂತಾಳೆ. ಯಾಕೆ?"

"ಹೇಳಿದ್ದೆಲ್ಲ ಮಾಡ್ತಾರಾ?"

ಸೈಕಲ್ಲಿನ ಮೇಲೆ ಕಣ್ಣಿಟ್ಟಿದ್ದವನು ಮೊದಲು ನಕ್ಕ, ಆಮೇಲೆ ಇಡೀ ಮೇಜು ನಕ್ಕಿತು. ದೊಡ್ಡಣ್ಣನ ತುಟಿಯೂ ಒಂದು ಕ್ಷಣ ಅಲುಗಿತು, ಅವನಿಗೂ ಏನೋ ನೆನಪಾಗಿರಬೇಕು. ಆ ನಗೆಯಲ್ಲಿ ಇದೆಲ್ಲ ತೇಲಿಹೋದರೆ ತನ್ನ ಮಾತೂ ತೇಲಿಹೋಗುತ್ತದೆ ಎಂದು ಅವಳಿಗೆ ಭಯವಾಯಿತು. ಇಲ್ಲಿಗೆ ನಿಲ್ಲಿಸಿದರೆ ಇದು ಒಂದು ತಮಾಷೆ. ಸಂಜೆ ಚಹಾದಂಗಡಿಯಲ್ಲಿ ಹೇಳಿ ನಗುತ್ತಾರೆ, ಗಿರಣಿಯವಳು ಎಂಥ ಮಾತುಗಾತಿ ಎಂದು. "ನೀವು ಹಳೇ ಕಟ್ಟಡ ಅಂದ್ರಿ. ಅದು ಕಕ್ಕಸು. ಹೆಂಗಸರ ಕಕ್ಕಸು," ಎಂದಳು. ನಗೆ ನಿಂತಿತು. ಒಬ್ಬ ಮೇಜಿನ ಬಟ್ಟೆ ನೋಡಿದ, ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಅವಳಿಗೂ ನಾಚಿಕೆಯಾಯಿತು, ಆದರೆ ಹೇಳಿಯಾಗಿತ್ತು, ಹೇಳಿದ ಮೇಲೆ ನೋಡಿದರೆ ಶಬ್ದ ಅಷ್ಟೇನೂ ದೊಡ್ಡದಾಗಿರಲಿಲ್ಲ. "ಇಡೀ ಮಾರುಕಟ್ಟೆಗೆ ಅದೊಂದೇ. ಅದಿಲ್ಲದಿದ್ರೆ ಅಲ್ಲಿ ಕೂರೋ ಹೆಂಗಸರು ನೀರು ಕುಡಿಯೋ ಹಾಗಿಲ್ಲ. ನನಗೆ ಒಪ್ಪಿಗೆ ಇಲ್ಲ. ಊರವರನ್ನ ಕರೆದು ಕೇಳಿ." ದೊಡ್ಡಣ್ಣ ಬಹಳ ಹೊತ್ತು ಹಾಳೆಯನ್ನು ನೇರ ಮಾಡಿದ, ಅದು ಮೊದಲೇ ನೇರವಾಗಿತ್ತು. ಊರವರ ಮುಂದೆ ಗೋದಾಮು ಯಾರದೆಂದು ಯಾರಾದರೂ ಕೇಳಿಯೇ ಕೇಳುತ್ತಾರೆಂದು ಅವನಿಗೂ ಗೊತ್ತಿತ್ತು, ಮೇಜಿಗೂ ಗೊತ್ತಿತ್ತು. "ಈ ವಿಷಯ ಸದ್ಯಕ್ಕೆ ಕೈಬಿಡೋಣ," ಎಂದ. ಬಳಿಕ ಮುಖ ಎತ್ತದೆ, "ಆಯ್ತಲ್ಲ, ಸದಸ್ಯರೇ?" ಎಂದು ಕೇಳಿದ.

ಸದಸ್ಯರೇ. ಅವನು ಅವಳನ್ನು ಹಾಗೆ ಕರೆದದ್ದು ಅದೇ ಮೊದಲು. ಉಳಿದವರನ್ನೆಲ್ಲ ಹಾಗೇ ಕರೆಯುತ್ತಿದ್ದ, ಅವಳೊಬ್ಬಳು ತಂಗಿ. ಗೆದ್ದದ್ದಕ್ಕೆ ಆಗಬೇಕಾದ ಖುಷಿಗಿಂತ ಮೊದಲು, ಮನೆಯಿಂದ ಹೊರಗೆ ಹಾಕಿದರೆ ಆಗುವ ನೋವಾಯಿತು. ತಂಗಿ ಎನಿಸಿಕೊಳ್ಳುವುದು ತನಗೆ ಇಷ್ಟವಿತ್ತೆಂದು ಅವಳಿಗೆ ಗೊತ್ತೇ ಇರಲಿಲ್ಲ. ಇನ್ನು ಅವನು ಅವಳಿಗಾಗಿ ಓದುವುದಿಲ್ಲ, ಮನೆಯವರು ಆರಾಮಾ ಎಂದು ಕೇಳುವುದಿಲ್ಲ, ಚಹಾ ಬಂದಾಗ ಮೊದಲು ತಂಗಿಗೆ ಕೊಡಿ ಎನ್ನುವುದಿಲ್ಲ. ಚಹಾ ಬಂತು. ಸರದಿಯಲ್ಲಿ, ಎಲ್ಲರ ಕೊನೆಗೆ, ಸ್ವಲ್ಪ ಆರಿ, ಅವಳ ಮುಂದೆ ಬಂತು. ಕುಡಿದಳು. ಪರವಾಗಿಲ್ಲ, ಚೆನ್ನಾಗಿತ್ತು. ಅರ್ಧ ಲೋಟ ಮುಗಿಯುವಷ್ಟರಲ್ಲಿ ನೋವು ಎಲ್ಲಿತ್ತು ಎಂದು ಹುಡುಕಬೇಕಾಯಿತು, ಅದರ ಜಾಗದಲ್ಲಿ ಹೊಟ್ಟೆ ತುಂಬ ಉಂಡು ಎದ್ದಂಥ ಒಂದು ನೆಮ್ಮದಿ ಬಂದು ಕೂತಿತ್ತು. ಮೇಜಿನ ಮೇಲಿದ್ದ ನೀರಿನ ಲೋಟವನ್ನೂ ಎತ್ತಿ ಪೂರ್ತಿ ಕುಡಿದಳು. ಚರಂಡಿಯ ವಿಚಾರ ಬಂದಾಗ ಬೇಕು ಎಂದಳು, ಹೊಸ ಕುರ್ಚಿಗಳ ವಿಚಾರ ಬಂದಾಗ ಬೇಡ ಎಂದಳು. ಬೇಡ ಎನ್ನುವುದು ಎರಡನೆಯ ಸಲಕ್ಕೆ ಎಷ್ಟು ಸುಲಭವಾಗಿತ್ತೆಂದರೆ, ಇದು ಹೀಗೇ ಚಟವಾಗಿಬಿಟ್ಟರೆ ಗಂಡನ ಗತಿಯೇನು ಎಂದು ನಗು ಬಂತು.

ಸಭೆ ಮುಗಿದಾಗ ನೀರೂ ಚಹಾವೂ ತಮ್ಮ ಕೆಲಸ ಮಾಡಿದ್ದವು. ಪುರಸಭೆಯಲ್ಲಿ ಹೆಂಗಸರಿಗೆಂದು ಏನೂ ಇರಲಿಲ್ಲ. ಅದನ್ನು ಕಟ್ಟಿದವರಿಗೆ ಅಲ್ಲಿ ಹೆಂಗಸು ಕೂರುತ್ತಾಳೆಂದು ಹೊಳೆದಿರಲಿಲ್ಲ. ಅವಳು ಬೇಗಬೇಗ ಮಾರುಕಟ್ಟೆ ದಾಟಿ ಹಿಂಬದಿಗೆ ಹೋದಳು. ಅಲ್ಲಿ ಗೋಡೆಯ ನೆರಳಿನಲ್ಲಿ ಹೆಂಗಸರ ಸಣ್ಣ ಸಾಲು ನಿಂತಿತ್ತು, ಯಾವುದೋ ದೂರದ ಹಳ್ಳಿಗಳಿಂದ ಸಂತೆ ಮಾಡಲು ಬಂದವರು, ಯಾರಿಗೂ ಅವಳ ಗುರುತಿಲ್ಲ. ಅವಳೂ ಸಾಲಿನಲ್ಲಿ ನಿಂತಳು. ಮುಂದಿದ್ದ ಹುಡುಗಿ, ಕಂಕುಳಲ್ಲಿ ಹೊಸ ಬಟ್ಟೆಯ ಗಂಟು ಒತ್ತಿಕೊಂಡವಳು, ತನ್ನ ಸರದಿ ಬಂದಾಗ ಬಾಗಿಲು ತಳ್ಳಿ ನೋಡಿ, "ಚಿಲಕಾನೇ ಇಲ್ಲ. ಓಟು ಹಾಕಿಸ್ಕೊಂಡು ಹೋಗ್ತಾರೆ, ಒಂದು ಚಿಲಕ ಹಾಕ್ಸೋಕೆ ಆಗಲ್ಲ ಇವರಿಗೆ," ಎಂದಳು. "ಆಗಲ್ಲ ನೋಡು," ಎಂದಳು ಅವಳು. ಹೇಳುವಾಗ ನಾಚಿಕೆಯೂ ಆಯಿತು, ಯಾಕೋ ಹಿತವೂ ಆಯಿತು. ಮುಂದಿನ ಸಭೆಗೆ ಕೆಲಸ ಸಿಕ್ಕಿತ್ತು. ಹುಡುಗಿ ಅವಳನ್ನು ಮೇಲಿಂದ ಕೆಳಕ್ಕೆ ನೋಡಿ ನಂಬಬಹುದೆಂದು ತೀರ್ಮಾನಿಸಿ, ಗಂಟನ್ನು ಅವಳ ಕೈಗೆ ಕೊಟ್ಟು, "ಸ್ವಲ್ಪ ಬಾಗಿಲು ಹಿಡ್ಕೊಳ್ತೀರಾ ಅಕ್ಕಾ? ಯಾರೂ ಬರ್ದಹಾಗೆ," ಎಂದಳು. ಅವಳು ಒಂದು ಕೈಯಲ್ಲಿ ಗಂಟು ಹಿಡಿದು, ಇನ್ನೊಂದು ಕೈಯನ್ನು ತಗಡಿನ ಬಾಗಿಲಿಗೆ ಒತ್ತಿ ನಿಂತಳು. ಬಿಸಿಲಿಗೆ ತಗಡು ಕಾದಿತ್ತು. ಗೋದಾಮಿನ ಕಡೆಯಿಂದ ಒಂದು ಗಾಡಿ ಬಂದು, ದಾರಿ ಸಾಲದೆ, ಹಿಂದಕ್ಕೆ ಮುಂದಕ್ಕೆ ಆಡಿ, ಹಾರ್ನ್ ಹೊಡೆಯಿತು. ಅವಳು ಕದಲಲಿಲ್ಲ. ಒಳಗಿನಿಂದ ಹುಡುಗಿ ಗಾಬರಿಯಿಂದ ಕೇಳಿದಳು:

"ಅಕ್ಕಾ, ಇದ್ದೀರಾ?"

"ಇದ್ದೀನಿ," ಎಂದಳು ಅವಳು. "ನಿಧಾನವಾಗಿ ಬಾ."